ಸುಮ್ಮನಿದ್ದಾಗ ದುಡಿಯುವ ಕೈ

ಕಣ್ಣಿಗೆ ಪೆಟ್ಟಿಗೆ ಕಟ್ಟಿದ ಮೊದಲ ದಿನವೇ ತರ್ಹೇಲಿಯಾ ಕೂಗಿಕೊಂಡಳು.

"ಅಯ್ಯೋ ಮಾತೆ ಮರಿಯಾ, ಇದ್ಯಾರ್ ಕೈ?"

"ನಿಮ್ದೇ, ದೋನ್ಯಾ ತರ್ಹೇಲಿಯಾ," ಎಂದಳು ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ವಿವಿಯಾನಾ.

"ನನ್ದಾ? ಇದ್ರಲ್ಲಿ ಒಂದ್ ಸುಕ್ಕಿಲ್ಲ, ಒಂದ್ ಸುಟ್ಟ ಕಲೆ ಇಲ್ಲ. ಯಾವ್ದೋ ಮದ್ವೆ ಹೆಣ್ಣಿನ ಕೈ ತಂದಿಟ್ಟಿದೀಯ ಬಿಡು."

"ಎಡಗೈ ಎತ್ತಿ ನೋಡಿ."

ಅವಳು ಎಡಗೈ ಎತ್ತಿದಳು. ಪೆಟ್ಟಿಗೆಯೊಳಗೆ ಬಲಗೈ ಎದ್ದಿತು. ಎಡಗೈ ಮುಷ್ಟಿ ಕಟ್ಟಿದರೆ ಬಲಗೈ ಮುಷ್ಟಿ ಕಟ್ಟಿತು. ಅವಳ ನಿಜವಾದ ಬಲಗೈ ಮಾತ್ರ ಮಡಿಲಲ್ಲಿ, ಹಿಂಡಿಟ್ಟ ಬಟ್ಟೆಯ ಹಾಗೆ, ಇಟ್ಟ ಕಡೆ ಇಟ್ಟಂತೆ ಬಿದ್ದಿತ್ತು. ಎತ್ತಿದ್ದು ಯಾವುದು, ಎದ್ದಿದ್ದು ಯಾವುದು, ಬಿದ್ದುಕೊಂಡಿರುವುದು ಯಾವುದು ಎಂದು ಲೆಕ್ಕ ಹಾಕಲು ಹೋಗಿ ಅವಳಿಗೆ ತಲೆ ಗಿರ್ರೆಂದಿತು. ಇರುವ ಎರಡು ಕೈಯಲ್ಲಿ ಒಂದು ಹೋಯಿತೆಂದು ಆಸ್ಪತ್ರೆಗೆ ಬಂದರೆ, ಇವರು ಮೂರನೆಯದೊಂದನ್ನು ಕೊಟ್ಟಿದ್ದಾರಲ್ಲ!

ಮಂಗಳವಾರ, ಶುಕ್ರವಾರ ನಮ್ಮ ಕ್ವೆಂಕಾದ ಮಾರುಕಟ್ಟೆಗೆ ಹೋದವರಿಗೆಲ್ಲ ತರ್ಹೇಲಿಯಾ ಗೊತ್ತು. ಹೂವಿನ ಸಾಲು ದಾಟಿ ಒಳಗೆ ಹೋದರೆ ದೃಷ್ಟಿ ತೆಗೆಯುವ ಹೆಂಗಸರು ಸಾಲಾಗಿ ಕೂತಿರುತ್ತಾರೆ. ಅವಳದು ಕಂಬದ ಪಕ್ಕದ ಜಾಗ, ಅದಕ್ಕೆ ಮೊದಲು ಅವಳ ತಾಯಿಯದು. ನಾಯಿ ಬೊಗಳಿ ಬೆದರಿದ ಮಗು, ಪರೀಕ್ಷೆಗೆ ಹೆದರಿ ಊಟ ಬಿಟ್ಟ ಹುಡುಗಿ, ಹೊಸ ಗಾಡಿ ಕೊಂಡು ಮಾರನೇ ದಿನವೇ ಗೋಡೆಗೆ ಗುದ್ದಿದ ಗಂಡಸು, ಎಲ್ಲರೂ ಅವಳ ಮುಂದಿನ ಮಣೆಯ ಮೇಲೆ ಕೂತು ಹೋದವರೇ. ನಾಗದಾಳಿ ಸೊಪ್ಪಿನ ಕಟ್ಟಿನಿಂದ ತಲೆಯಿಂದ ಕಾಲಿನವರೆಗೆ ಬಡಿಯುತ್ತಾಳೆ, ಮೊಟ್ಟೆಯನ್ನು ಮೈಮೇಲೆಲ್ಲ ಉರುಳಿಸುತ್ತಾಳೆ, ಬಾಯಲ್ಲಿ ಕಬ್ಬಿನ ಸಾರಾಯಿ ತುಂಬಿಕೊಂಡು ಮುಖಕ್ಕೆ ಫೂ ಎಂದು ಉಗಿಯುತ್ತಾಳೆ. ಕೊನೆಗೆ ಹಣೆಯ ಮೇಲೊಂದು, ಹೊಕ್ಕುಳ ಮೇಲೊಂದು ಬೂದಿಯ ಶಿಲುಬೆ. ಮೊಟ್ಟೆಯನ್ನು ಗಾಜಿನ ಲೋಟದಲ್ಲಿ ಒಡೆದು, ಬಿಳಿಯ ಭಾಗ ಹೇಗೆ ಎದ್ದಿದೆ ಎಂದು ನೋಡಿ, ಯಾರ ಕಣ್ಣು ಬಿದ್ದಿದೆ ಎಂದು ಹೇಳುತ್ತಾಳೆ. ಅರ್ಧ ಊರಿನ ಅತ್ತೆ ಸೊಸೆ ಜಗಳಕ್ಕೆ ಆ ಲೋಟವೇ ಮೂಲ ಎಂದು ಅವಳಿಗಾಗದವರು ಹೇಳುವುದುಂಟು.

ಇದೆಲ್ಲ ಆಗಬೇಕಾದ್ದು ಬಲಗೈಯಲ್ಲಿ. ಬಲಗೈ ತೆಗೆಯುತ್ತದೆ, ಎಡಗೈ ಹಾಕುತ್ತದೆ. ಎಡಗೈಯಲ್ಲಿ ಸೊಪ್ಪು ಹಿಡಿದವಳ ಮುಂದೆ ನಮ್ಮೂರಲ್ಲಿ ಯಾವ ತಾಯಿಯೂ ಮಗುವನ್ನು ಕೂರಿಸುವುದಿಲ್ಲ. ಗಂಡ ಸೆಗುಂದೊ ಸತ್ತ ಮೇಲೆ ಮಗಳನ್ನು ಸಾಕಿ, ಓದಿಸಿ, ಗಡಿಯೂರಿಗೆ ಮದುವೆ ಮಾಡಿ ಕಳಿಸಿದ್ದು ಆ ಒಂದು ಕೈ.

ಆ ಕೈ ಕಾರ್ನಿವಲ್ ಹಬ್ಬದ ಹಿಂದಿನ ಶುಕ್ರವಾರ ಹೋಯಿತು. ಒಂದು ಕೂಸಿನ ನೆತ್ತಿಯ ಮೇಲೆ ಮೊಟ್ಟೆ ಉರುಳಿಸುತ್ತಿದ್ದಳು. ಮೊಟ್ಟೆ ಜಾರಿ ಕೆಳಗೆ ಬಿತ್ತು. "ಏ, ಏನಾಗಿದೆ ನಿಂಗೆ?" ಎಂದು ತನ್ನ ಕೈಯನ್ನೇ ಗದರಿದಳು, ಆದರೆ ಮಾತು ಬಾಯಿಂದ ಸೊಟ್ಟಗೆ ಬಂತು. ಕೂಸಿನ ತಾಯಿ ಕಿರುಚಿಕೊಂಡು ಎದ್ದಳು. ಪಕ್ಕದಲ್ಲಿ ಕೂರುವ ಒಬ್ದೂಲಿಯಾ ಓಡಿ ಬಂದು ಹಿಡಿದುಕೊಂಡಳು. ಒಬ್ದೂಲಿಯಾ ತರ್ಹೇಲಿಯಾಳ ಮಗಳ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದು ಕರೆಯುವವರು, ಆ ಸಲಿಗೆಯಲ್ಲೇ ಒಬ್ಬರನ್ನೊಬ್ಬರು ಹರಿದು ತಿನ್ನುವವರು.

ಮಾರುಕಟ್ಟೆಯ ಹೆಂಗಸರು, ಯಾರದೋ ಕೆಟ್ಟಗಾಳಿ ತೆಗೆಯಲು ಹೋಗಿ ತಾನೇ ನುಂಗಿಕೊಂಡಳು ಎಂದರು. ಡಾಕ್ಟರು, ತಲೆಯೊಳಗೆ ರಕ್ತನಾಳ ಕಟ್ಟಿಕೊಂಡಿತು ಎಂದರು. ಒಬ್ದೂಲಿಯಾ ಮೊಟ್ಟೆ ಒಡೆದು ನೋಡಿ ಹೊಟ್ಟೆಕಿಚ್ಚು ಎಂದಳು. ತರ್ಹೇಲಿಯಾ ಮೂವರಿಗೂ ತಲೆಯಾಡಿಸಿದಳು. ಗಾಳಿಯೇ ಹೋಗಿ ನಾಳದಲ್ಲಿ ಕೂತಿರಬಾರದೇಕೆ? ಬಾಯಿ ನೆಟ್ಟಗಾಯಿತು, ಕಾಲು ಎಳೆದುಕೊಂಡಾದರೂ ನಡೆಯಿತು. ಕೈ ಮಾತ್ರ ಏಳಲಿಲ್ಲ, ಮುಟ್ಟಿದ್ದು ತಿಳಿಯಲಿಲ್ಲ. ಮೆಕ್ಕೆಜೋಳ ಬೇಯುವ ಪಾತ್ರೆಗೆ ತಗುಲಿ ಬೊಬ್ಬೆ ಎದ್ದದ್ದು ಮರುದಿನ ಒಬ್ದೂಲಿಯಾ ತೋರಿಸಿದಾಗಲೇ ಗೊತ್ತಾದದ್ದು.

ಆಗ ಸಿಕ್ಕಿದ್ದು ಈ ಕುರ್ಚಿ. ಆಸ್ಪತ್ರೆಗೆ ಹೊಸದಾಗಿ ಬಂದ ಯಂತ್ರ, ಒಂದೇ ಕುರ್ಚಿ, ಕಾಯುವವರು ಬಹಳ. ಡಾಕ್ಟರ್ ಇದ್ರೋವೊ ಮೊದಲೇ ಹೇಳಿಬಿಟ್ಟಿದ್ದರು: ಚಿಕಿತ್ಸೆಯ ಅರ್ಧ ಅವಧಿ ಮುಗಿಯುವ ಹೊತ್ತಿಗೆ ತಲೆ ಏನಾದರೂ ಉತ್ತರ ಕೊಟ್ಟರೆ ಕುರ್ಚಿ ಅವಳದೇ, ಕೊಡದಿದ್ದರೆ ಮುಂದಿನವರಿಗೆ. ಅದು ಹೋದರೆ ಕೈ ಹೋದಂತೆ, ಕೈ ಹೋದರೆ ಕಂಬದ ಪಕ್ಕದ ಜಾಗ ಹೋದಂತೆ. ಇಷ್ಟು ಮಾತ್ರ ತರ್ಹೇಲಿಯಾಳಿಗೆ ಗೊಂದಲವಿಲ್ಲದೆ ಅರ್ಥವಾಗಿತ್ತು.

ಉಳಿದದ್ದು ಒಂದೂ ಅರ್ಥವಾಗಲಿಲ್ಲ. ವಿವಿಯಾನಾ ಅವಳ ಎರಡು ಜಡೆ ಬಿಚ್ಚಿ, ತೂತು ತೂತಿನ ಟೋಪಿ ಹಾಕಿ, ಪ್ರತಿ ತೂತಿಗೂ ಲೋಳೆ ತುಂಬಿ ವೈರು ಸಿಕ್ಕಿಸುತ್ತಿದ್ದಳು. ಅದರ ಮೇಲೆ ಕಣ್ಣಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಒಂದು ತೋಟ, ತೋಟದಲ್ಲಿ ಸೇಬಿನ ಮರ. ಎಡಗೈ ಚಾಚಬೇಕು, ಜೊತೆಗೆ ಬಲಗೈಯನ್ನೂ ಚಾಚಲು ಮನಸ್ಸಿನಲ್ಲೇ ಒದ್ದಾಡಬೇಕು. ಆಗ ಮದುವೆ ಹೆಣ್ಣಿನ ಆ ಬಲಗೈ ಸೇಬು ಕಿತ್ತು ಬುಟ್ಟಿಗೆ ಹಾಕುತ್ತಿತ್ತು.

"ಇಂಥ ಸೇಬು ಯಾರ್ ತಗೋತಾರಮ್ಮ?" ಎಂದು ತರ್ಹೇಲಿಯಾ ಗೊಣಗುತ್ತಿದ್ದಳು. "ವಾಸ್ನೆ ಇಲ್ಲ, ತೂಕ ಇಲ್ಲ. ಗಾಳಿ ಗುದ್ದಿ ಮೈ ನೋಯಿಸ್ಕೊಂಡ ಹಂಗಾಯ್ತು ನನ್ ಕಥೆ."

"ಮಾತಾಡ್ಬೇಡಿ, ದೋನ್ಯಾ. ಮಾತಾಡಿದ್ರೆ ಪರದೆ ಮೇಲೆ ಬರೋ ಗೆರೆ ಕೆಡುತ್ತೆ."

ಒಂದಷ್ಟು ಸೇಬು ಕಿತ್ತ ಮೇಲೆ ತೋಟ ಮಾಯವಾಗಿ ಎಲ್ಲ ಕಪ್ಪಾಗುತ್ತಿತ್ತು. ಕಪ್ಪಿನ ನಟ್ಟನಡುವೆ ಒಂದು ಬಿಳಿ ಶಿಲುಬೆ ಮೂಡುತ್ತಿತ್ತು. "ಈಗ ಅದನ್ನೇ ನೋಡ್ತಾ ಸುಮ್ನೆ ಕೂತಿರಿ. ಅಲ್ಲಾಡ್ಬೇಡಿ," ಎನ್ನುತ್ತಿದ್ದಳು ವಿವಿಯಾನಾ. ಇಡೀ ಯಂತ್ರದಲ್ಲಿ ತರ್ಹೇಲಿಯಾಳಿಗೆ ಗುರುತು ಸಿಕ್ಕಿದ್ದು ಅದೊಂದೇ. ಪರವಾಗಿಲ್ಲ, ಮಾಡಿದವರು ದೈವಭಕ್ತರೇ ಇರಬೇಕು ಎಂದುಕೊಂಡಳು. ಸುಮ್ಮನೆ ಕೂರುವುದು, ಅಲ್ಲಾಡದೆ ಇರುವುದು, ಎದುರಿಗೆ ಶಿಲುಬೆ. ಪೂಜೆಗೆ ಹೋದಾಗ ಚಿಕ್ಕಂದಿನಿಂದ ಮಾಡಿದ್ದೂ ಇದನ್ನೇ ಅಲ್ಲವೇ?

ಮತ್ತೆ ತೋಟ, ಮತ್ತೆ ಸೇಬು, ಮತ್ತೆ ಕಪ್ಪು. ಹೀಗೇ ವಾರಗಳು ಕಳೆದವು.

ಪಕ್ಕದ ಮೇಜಿನ ಪರದೆಯ ಮೇಲೆ ತಲೆಯ ಚಿತ್ರ ಬರುತ್ತಿತ್ತು. ಬಲಗೈಯನ್ನು ಆಡಿಸುವ ಯಜಮಾನ ತಲೆಯ ಎಡಗಡೆ ಕೂತಿರುತ್ತಾನಂತೆ. ಅವನು ಎಚ್ಚರವಾದರೆ ಆ ಜಾಗ ಕೆಂಪಾಗಬೇಕಂತೆ. ಸುಮ್ಮನೆ ಕೂತಾಗ ಎಷ್ಟು ಕೆಂಪು, ಸೇಬು ಕೀಳುವಾಗ ಎಷ್ಟು ಕೆಂಪು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರಂತೆ. ವಿವಿಯಾನಾ ಇದನ್ನು ಬಿಡಿಸಿ ಹೇಳಿದಾಗ ತರ್ಹೇಲಿಯಾ, "ಬಲಗೈಗೆ ಎಡಗಡೆ ಯಜಮಾನನಾ? ಅದಕ್ಕೇ ಮನೆ ಹಾಳಾಗಿರೋದು," ಎಂದು ನಿಟ್ಟುಸಿರು ಬಿಟ್ಟಳು.

ಅರ್ಧ ಅವಧಿ ಹತ್ತಿರ ಬಂದಾಗ ಡಾಕ್ಟರ್ ಇದ್ರೋವೊ ಬಂದು ಪರದೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ವಿವಿಯಾನಾ, ತಿರುಗಾಮುರುಗಾ ಹಾಕಿದೀಯಾ?"

"ಇಲ್ಲ ಸಾರ್. ಮೊದ್ಲಿಂದ್ಲೂ ಹಿಂಗೇ ಬರ್ತಿದೆ. ಸೇಬು ಕೀಳೋವಾಗ ಸಪ್ಪಗಿರುತ್ತೆ. ಸುಮ್ನೆ ಕೂತಾಗ ಕೆಂಪಾಗುತ್ತೆ."

"ಕೆಲ್ಸ ಇಲ್ದಾಗ ಕೆಲ್ಸ, ಕೆಲ್ಸ ಇದ್ದಾಗ ನಿದ್ದೆ. ಎಲ್ಲಾದ್ರೂ ಉಂಟಾ?" ಡಾಕ್ಟರು ಅವಳ ಕಡೆ ತಿರುಗಿದರು. "ದೋನ್ಯಾ ತರ್ಹೇಲಿಯಾ, ಸುಮ್ನೆ ಕೂತಿರಿ ಅಂದಾಗ ಕೈ ಆಡ್ಸೋಕೆ ನೋಡ್ತೀರಾ?"

"ಇಲ್ಲ ಡಾಕ್ಟ್ರೇ. ಒಂದ್ ಕೂದಲೂ ಅಲ್ಲಾಡ್ಸಿಲ್ಲ."

"ಕೈ ಬಗ್ಗೆ ಯೋಚ್ನೆ ಮಾಡ್ತೀರಾ?"

"ಆಗಲಾ? ಆಗ ಕೈ ನೆನಪೇ ಇರಲ್ಲ."

ಅವಳು ಹೇಳಿದ್ದರಲ್ಲಿ ಸುಳ್ಳಿನ ಸೋಂಕೂ ಇರಲಿಲ್ಲ. ಡಾಕ್ಟರಿಗೆ ಬೇರೆ ಪ್ರಶ್ನೆ ಹೊಳೆಯಲಿಲ್ಲ. ಯಂತ್ರವಾದರೋ ಕಳೆಯುವ ಲೆಕ್ಕ ಬಿಟ್ಟು ಬೇರೇನೂ ತಿಳಿಯದ ಪ್ರಾಣಿ. ಸೇಬಿನ ಕೆಂಪಿನಲ್ಲಿ ಸುಮ್ಮನಿದ್ದ ಕೆಂಪನ್ನು ಕಳೆದರೆ ಉಳಿಯುವುದು ಸೊನ್ನೆಗಿಂತ ಕಡಿಮೆ. "ಇನ್ನೊಂದ್ ಸಲ ನೋಡೋಣ. ಶುಕ್ರವಾರ ಕೊನೆ," ಎಂದು ಅವರು ಹೊರಟರು. ಮುಂದಿನ ರೋಗಿಗೆ ಶುಕ್ರವಾರವೇ ಬಂದು ಕಾಯಲು ಹೇಳಿಯೂ ಆಗಿತ್ತು.

ಸಂಜೆ ಒಬ್ದೂಲಿಯಾ ಹಂದಿಮಾಂಸ, ಬೇಯಿಸಿದ ಮೆಕ್ಕೆಜೋಳ ಹಿಡಿದುಕೊಂಡು ಮನೆಗೆ ಬಂದಾಗ ತರ್ಹೇಲಿಯಾ ಎಲ್ಲ ಹೇಳಿ ಅತ್ತಳು.

"ಕೆಲ್ಸ ಕೊಟ್ರೆ ಮಲಗುತ್ತೆ, ರಜ ಕೊಟ್ರೆ ಏಳುತ್ತೆ ಅಂದ್ರಾ?" ಒಬ್ದೂಲಿಯಾ ಕೇಳಿದಳು. "ಗೊತ್ತಾಯ್ತು ಬಿಡು ಕೊಮಾದ್ರೆ. ನಿನ್ ಕೈಗೆ ನಿನ್ ಗಂಡನ ದೆವ್ವ ಹೊಕ್ಕಿದೆ. ಸೆಗುಂದೊ ಬದುಕಿದ್ದಾಗ ಇದೇ ತಾನೆ ಮಾಡ್ತಿದ್ದದ್ದು?"

ತರ್ಹೇಲಿಯಾ ಅಳುತ್ತಲೇ ನಕ್ಕಳು. "ಸತ್ತವನ್ನ ಆಡ್ಕೋಬೇಡ್ವೇ, ಪಾಪ ಬರುತ್ತೆ."

"ಪಾಪ ಇರ್ಲಿ, ಮೊಟ್ಟೆ ತಾ."

ಮೊಟ್ಟೆ ಉರುಳಿಸಿ ಲೋಟದಲ್ಲಿ ಒಡೆದರು. ಇಬ್ಬರೂ ಬಗ್ಗಿ ನೋಡಿದರು. ಬಿಳಿ ಅರ್ಧ ಎದ್ದು ಅರ್ಧ ಕೂತಿತ್ತು. ಒಳ್ಳೆಯದು ಎಂದು ಒಬ್ಬಳು, ಕೆಟ್ಟದ್ದು ಎಂದು ಇನ್ನೊಬ್ಬಳು. ಹುಟ್ಟಿದಾಗಿನಿಂದ ಮೊಟ್ಟೆ ಓದಿದ ಇಬ್ಬರು ಒಂದು ಮೊಟ್ಟೆಗೆ ಸೋತರು. ಯಂತ್ರಕ್ಕೂ ತಲೆಬುಡ ಸಿಗದ ತಲೆ, ಮೊಟ್ಟೆಗೂ ಸಿಗದ ತಲೆ. ತನ್ನ ನೆತ್ತಿಯೊಳಗೆ ಏನಿದೆಯೆಂದು ತರ್ಹೇಲಿಯಾಳಿಗೆ ಹೆದರಿಕೆಯಾಯಿತು. ಅವಳ ಹೆದರಿಕೆ ತೆಗೆಯಲು ಊರಲ್ಲಿ ಈಗ ಅವಳೇ ಇರಲಿಲ್ಲವಲ್ಲ.

ಶುಕ್ರವಾರ ವಿವಿಯಾನಾ ಮಂಕಾಗಿದ್ದಳು. ಹೊಸ ವೈರು ಹಾಕಿದಳು, ಲೋಳೆ ಬದಲಾಯಿಸಿದಳು. ಗೆರೆಗಳಲ್ಲಿ ಅವಳನ್ನು ಕಾಡುತ್ತಿದ್ದ ಇನ್ನೊಂದು ಸಂಗತಿಯಿತ್ತು. ಸುಮ್ಮನೆ ಕೂತ ಹೊತ್ತಿನಲ್ಲಿ ಪ್ರತಿ ಸಲವೂ ಗೆರೆ ಒಮ್ಮೆ ಮುಳ್ಳಿನ ಹಾಗೆ ಚೂಪಾಗಿ ಏಳುತ್ತಿತ್ತು. ವೈರು ಸಡಿಲವೆಂದೇ ಅವಳು ಇಷ್ಟು ದಿನ ಅದನ್ನು ಅಳಿಸುತ್ತಾ ಬಂದಿದ್ದಳು. ಇಂದು ಹೊಸ ವೈರಿನಲ್ಲೂ ಎದ್ದಿತು. ಅವಳು ಪರದೆ ಬಿಟ್ಟು ತರ್ಹೇಲಿಯಾಳ ಮುಖದ ಮುಂದೆ ಬಂದು ಕೂತಳು. ಪೆಟ್ಟಿಗೆಯ ಕೆಳಗೆ ಕಾಣುವುದು ಮೂಗಿನ ತುದಿ, ಬಾಯಿ ಅಷ್ಟೆ. ಸೇಬು ಮುಗಿಯಿತು, ಕಪ್ಪಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಆ ತುಟಿಗಳು ಮೆಲ್ಲಗೆ ಕೂಡಿ, ಮುಂದೆ ಬಂದು, ಗಾಳಿಗೊಂದು ಮುತ್ತು ಕೊಟ್ಟವು.

"ದೋನ್ಯಾ ತರ್ಹೇಲಿಯಾ! ಯಾರಿಗೆ ಮುತ್ತು ಕೊಡ್ತಿದೀರಿ?"

"ಇನ್ಯಾರಿಗೆ ಕೊಡ್ಲಿ ಈ ವಯಸ್ಸಲ್ಲಿ? ಶಿಲುಬೆ ಗುರುತು ಮಾಡಿದ್ಮೇಲೆ ಹೆಬ್ಬೆರಳಿಗೆ ಮುತ್ತು ಕೊಡ್ಬೇಡ್ವಾ? ನಿಮ್ಮಮ್ಮ ಕಲಿಸ್ಲಿಲ್ವಾ ನಿಂಗೆ?"

ಇಗರ್ಜಿಯ ಮುಂದೆ ಬಸ್ಸು ಹಾದರೆ ಬಸ್ಸಿಗೆ ಬಸ್ಸೇ ಹಣೆ ಎದೆ ಮುಟ್ಟಿಕೊಳ್ಳುವ ಊರಲ್ಲಿ ಹುಟ್ಟಿದವಳೇ ವಿವಿಯಾನಾ ಕೂಡ. ಬೆಳಗ್ಗೆ ಆಸ್ಪತ್ರೆಗೆ ಬರುವಾಗ ಅವಳ ಕೈಯೂ ತಾನಾಗಿ ಎದ್ದಿತ್ತು.

"ಯಾವ ಕೈಲಿ ಮಾಡ್ತೀರಿ?"

"ಬಲಗೈಲಿ. ಎಡಗೈಲಿ ಮಾಡೋಕೆ ನಾನೇನು ಮಾಟಗಾತಿನಾ?"

"ಬಲಗೈ ಏಳಲ್ವಲ್ಲ!"

"ಏಳಲ್ಲ ಅಂತ ದೇವರ ಮುಂದೆ ಸುಮ್ನಿರೋಕಾಗುತ್ತಾ? ಮನಸ್ಸಲ್ಲೇ ಎತ್ತುತೀನಿ. ಪಿತನ ಅಂತ ಹಣೆಗೆ, ಸುತನ ಅಂತ ಎದೆಗೆ..."

ವಿವಿಯಾನಾ ಕಾರಿಡಾರಿಗೆ ಓಡಿ ಡಾಕ್ಟರನ್ನು ಎಳೆದುಕೊಂಡು ಬಂದಳು. ಎಲ್ಲ ಕೇಳಿದ ಇದ್ರೋವೊ ಕುರ್ಚಿಯ ತೋಳಿನ ಮೇಲೆ ಕುಸಿದು ಕೂತರು.

"ಅದು ಶಿಲುಬೆ ಅಲ್ಲಮ್ಮ. ಕಣ್ಣು ಅತ್ತಿತ್ತ ಓಡ್ದಿರ್ಲಿ ಅಂತ ಮಧ್ಯದಲ್ಲಿ ಇಟ್ಟ ಗುರುತು. ಪ್ರಪಂಚದಲ್ಲೆಲ್ಲ ಹಂಗೇ ಇಡ್ತಾರೆ."

"ಹಂಗಾದ್ರೆ ನಾನು ಇಷ್ಟು ದಿನ ಯಾರಿಗೆ ನಮಸ್ಕಾರ ಮಾಡ್ದೆ?" ಎಂದು ತರ್ಹೇಲಿಯಾ ಪೆಟ್ಟಿಗೆಯೊಳಗಿಂದ ಕೇಳಿದಳು. ಅವಳಿಗೆ ನಿಜವಾಗಿಯೂ ನೋವಾಗಿತ್ತು.

ಡಾಕ್ಟರಿಗೆ ಬೇರೆಯದೇ ಅವಸರ. ಊಹೆ ಸಾಲದು, ಕಣ್ಣಾರೆ ನೋಡಬೇಕು. ವಿವಿಯಾನಾ ಶಿಲುಬೆ ತೆಗೆದು ಅದರ ಜಾಗದಲ್ಲಿ ನೀಲಿ ಚುಕ್ಕೆ ಇಟ್ಟಳು. ಚುಕ್ಕೆ ನೋಡುತ್ತಾ ತರ್ಹೇಲಿಯಾ ಸುಮ್ಮನೆ ಕೂತಳು. ಪರದೆಯ ಮೇಲಿನ ತಲೆ ಸಪ್ಪಗಾಯಿತು. "ಸರಿ. ಈಗ ಶಿಲುಬೆ ಹಾಕು," ಎಂದರು ಡಾಕ್ಟರು. "ದೋನ್ಯಾ, ಈಗ ಗುರುತು ಮಾಡಿ. ಬಲಗೈಲಿ, ಮನಸ್ಸಿಟ್ಟು."

ಅವಳು ಮಾಡಿದಳು. ಪರದೆ ಸಪ್ಪಗೇ ಇತ್ತು.

"ಇನ್ನೊಂದ್ ಸಲ."

ಇನ್ನೊಂದು ಸಲವೂ ಸಪ್ಪೆ. ತರ್ಹೇಲಿಯಾ ಬೆವರಿದಳು. ಕೈಯನ್ನು ನೆನೆಸಿಕೊಂಡರೆ ದೇವರು ತಪ್ಪುತ್ತಿದ್ದ, ದೇವರನ್ನು ನೆನೆಸಿಕೊಂಡರೆ ಕೈ ತಪ್ಪುತ್ತಿತ್ತು. ಎದುರಿಗಿರುವುದು ಶಿಲುಬೆಯೇ ಅಲ್ಲ ಎಂದು ಈಗಷ್ಟೇ ಹೇಳಿದವರು ಅದಕ್ಕೇ ನಮಸ್ಕರಿಸು ಎನ್ನುತ್ತಿದ್ದಾರೆ. ಹಣೆ ಮೊದಲೋ ಎದೆ ಮೊದಲೋ ಎಂಬುದೇ ಮರೆತುಹೋಯಿತು.

"ಆಗ್ತಿಲ್ಲ," ಎಂದಳು. "ಹೇಳಿ ಮಾಡ್ಸಿದ್ರೆ ಅದು ನಾಟ್ಕ ಆಗುತ್ತೆ ಡಾಕ್ಟ್ರೇ. ನನ್ನ ಬಿಟ್ಬಿಡಿ. ಹೊರಗಿರೋರಿಗೆ ಕುರ್ಚಿ ಕೊಡಿ."

ಇದ್ರೋವೊ ಗಡಿಯಾರ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು, ಆದರೆ ಹೊರಗೆ ಕಾಯುತ್ತಿದ್ದವರೂ ಮನುಷ್ಯರೇ. ಪೆಟ್ಟಿಗೆ ಬಿಚ್ಚು ಎಂದು ವಿವಿಯಾನಾಗೆ ಸನ್ನೆ ಮಾಡಿದರು.

ವಿವಿಯಾನಾ ಬಿಚ್ಚಲಿಲ್ಲ. ಅವಳಿಗೆ ಏನು ತೋಚಿತೋ, ಮಣೆಯಂಥ ಗಿಡ್ಡ ಸ್ಟೂಲನ್ನು ಎಳೆದುಕೊಂಡು ತರ್ಹೇಲಿಯಾಳ ಮೊಣಕಾಲಿನ ಮುಂದೆ ಕೂತಳು. ಮಡಿಲಲ್ಲಿ ಬಿದ್ದಿದ್ದ ಆ ಬಲಗೈಯನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ಹಣೆಗೆ ಒತ್ತಿಕೊಂಡಳು. ಕೈ ತನ್ನ ಹಣೆಯ ಮೇಲಿದೆ ಎಂದು ಹೇಳಲೂ ಇಲ್ಲ.

"ನಂಗೆ ದೃಷ್ಟಿ ತೆಗೀರಿ, ಅಮ್ಮ," ಎಂದಳು. "ನಂಗೆ ತುಂಬಾ ಹೆದ್ರಿಕೆ ಆಗಿದೆ."

ಆ ಮಾತು ಯಾರೇ ಹೇಳಿದರೂ ತರ್ಹೇಲಿಯಾ ಏಕೆ ಎಂದು ಕೇಳಿದವಳಲ್ಲ. ಬಂದವರು ಕೂತ ಮೇಲೆ ಕೆಲಸ ಶುರು. ಪೆಟ್ಟಿಗೆಯೊಳಗೆ ಕತ್ತಲೆ, ಬಿಳಿ ಗುರುತು; ಅದು ಶಿಲುಬೆಯೋ ಅಲ್ಲವೋ ಎಂಬ ಜಗಳ ಅವಳಿಗೆ ಆ ಕ್ಷಣ ನೆನಪಿರಲಿಲ್ಲ. ತುಟಿಗಳು ಮಿಡಿಯತೊಡಗಿದವು. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ, ಹೊರಡು, ಈ ಮಗಳ ಮೈ ಬಿಟ್ಟು ಹೊರಡು. ಪರದೆಯ ಮೇಲೆ ತಲೆಯ ಎಡಗಡೆ ಮೊದಲು ಒಂದು ಚುಕ್ಕೆ, ಆಮೇಲೆ ಒಂದು ಹೂವಿನಷ್ಟು, ಆಮೇಲೆ ಇಡೀ ಜಾಗವೇ ಕೆಂಪಾಯಿತು. ಡಾಕ್ಟರು ಎದ್ದು ನಿಂತರು.

ತರ್ಹೇಲಿಯಾ ಮಂತ್ರವನ್ನು ನಡುವೆಯೇ ನಿಲ್ಲಿಸಿದಳು.

"ಇದೇನೇ ಮಗಳೇ," ಎಂದಳು, "ನಿನ್ ಹಣೆ ಯಾಕಿಷ್ಟು ತಣ್ಣಗಿದೆ?"

ವಿವಿಯಾನಾ ಆ ಕೈಯನ್ನು ಹಣೆಯಿಂದ ತೆಗೆಯಲೂ ಆರದೆ, ಒತ್ತಿಕೊಳ್ಳಲೂ ಆರದೆ, ಹಿಡಿದುಕೊಂಡೇ ಅಳತೊಡಗಿದಳು. ಡಾಕ್ಟರ್ ಇದ್ರೋವೊ ಪರದೆ ಬಿಟ್ಟು ಆ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಬಾಗಿಲು ತೆರೆದು, ಕಾಯುತ್ತಿದ್ದವರಿಗೆ ಬೇರೆ ಹೊತ್ತು ನೋಡಿ ಹೇಳುವುದಾಗಿ ತಿಳಿಸಿ ಬಂದರು.

"ಬೆವರಿದೆ ಬೇರೆ," ತರ್ಹೇಲಿಯಾ ಪೆಟ್ಟಿಗೆಯೊಳಗಿಂದ ಗದರಿದಳು. "ಯಾಕೆ ಎಲ್ರೂ ಹಿಂಗ್ ಸುಮ್ನಾಗ್ಬಿಟ್ರಿ? ಈ ಹುಡುಗೀನ ಯಾರು ಇಷ್ಟೊಂದು ಹೆದರ್ಸಿದ್ದು, ಹೇಳಿ!"